ಕಟ್ಟೆಯೂ ಗಾಳಿಮಾತೂ

ಗಾಳಿಮಾತಿಗೆ ತಲೆಯಿಲ್ಲ, ಕಾಲಿಲ್ಲವೆಂದು ಹಿರಿಯರು ಹೇಳುವುದುಂಟು. ಕಾಲಿಲ್ಲದಿದ್ದರೂ ಅದು ನಡೆಯುವ ವೇಗವನ್ನು ಕಂಡವರು ಆ ಕೊರತೆಗಾಗಿ ಮರುಗಲಾರರು. ನಮ್ಮದು ಶ್ರೀರಂಗಪಟ್ಟಣದ ತಾಲ್ಲೂಕಿಗೆ ಸೇರಿದ, ಕಾವೇರಿಯ ದಂಡೆಯ ಒಂದು ಸಣ್ಣ ಹಳ್ಳಿ. ಕನ್ನಂಬಾಡಿಯ ಕಟ್ಟೆ ನಮಗೆ ಮೇಲುಗಡೆಗೆ ಕೆಲವೇ ಹರಿದಾರಿಗಳ ದೂರ. ಆ ಕಟ್ಟೆಯ ದಯದಿಂದ ನಾವು ಉಣ್ಣುತ್ತೇವೆ. ಆ ಕಟ್ಟೆಯ ದಯದಿಂದಲೇ ರಾತ್ರಿ ನಿದ್ರೆ ಮಾಡುತ್ತೇವೆ. ಈ ಎರಡನೆಯ ಮಾತು ನನಗೆ ಹೊಳೆದುದು ಈಗ್ಗೆ ಕೆಲವು ವರ್ಷಗಳ ಹಿಂದೆ, ನಿದ್ರೆ ಬಾರದ ಒಂದು ರಾತ್ರಿ.

2018ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಮಧ್ಯಾಹ್ನದ ಊಟ ಮುಗಿಸಿ, ಜಗಲಿಯ ಮೇಲೆ ಒರಗಿ, ವೃತ್ತಪತ್ರಿಕೆಯನ್ನು ಮುಖಕ್ಕೆ ಮರೆಮಾಡಿಕೊಂಡು ಓದುವ ನೆಪದಲ್ಲಿ ತೂಕಡಿಸುತ್ತಿದ್ದೆ. ಬಡಗಣ ದಿಕ್ಕಿನಿಂದ ಒಂದು ಸದ್ದು ಬಂದಿತು. ಗುಡುಗೆನ್ನೋಣವೆಂದರೆ ಆಕಾಶದಲ್ಲಿ ಮೋಡವಿರಲಿಲ್ಲ. ಬಾಗಿಲ ಮೇಲಣ ಅಗುಳಿ ಒಮ್ಮೆ ಅಲುಗಾಡಿತು. ಅಂಗಳದ ಕೋಳಿಗಳು ಚದುರಿದವು. ಅಷ್ಟೆ, ಮತ್ತೆ ಎಲ್ಲವೂ ಎಂದಿನಂತಾಯಿತು.

ಎಂದಿನಂತಾಗದೆ ಉಳಿದುದು ಜನರ ಬಾಯಿ. ಸಂಜೆಯ ಹೊತ್ತಿಗೆ ಆ ಸದ್ದಿಗೆ ಐದು ಕಾರಣಗಳು ಹುಟ್ಟಿದ್ದವು. ಪಾಂಡವಪುರದ ಸೀಮೆಯ ಬೇಬಿ ಬೆಟ್ಟದಲ್ಲಿ ಕಲ್ಲು ಸಿಡಿಸಿದರೆಂದು ಕೆಲವರು. ಭೂಮಿ ನಡುಗಿತೆಂದು ಕೆಲವರು. ಯುದ್ಧವಿಮಾನವೊಂದು ಹಾದುಹೋಯಿತೆಂದು ಮತ್ತೆ ಕೆಲವರು. ಕನ್ನಂಬಾಡಿಯ ಕಟ್ಟೆಯೇ ಬಿರಿಯಿತೆಂದು ಹಲವರು. ಐದನೆಯ ಕಾರಣ ಇವೆಲ್ಲವನ್ನೂ ಮೀರಿದ್ದು: ಕಟ್ಟೆ ಬಿರಿದಿರುವುದು ಸರ್ಕಾರಕ್ಕೆ ಗೊತ್ತು, ಗೊತ್ತಿದ್ದೂ ಮುಚ್ಚಿಟ್ಟಿದ್ದಾರೆ, ಏಕೆಂದರೆ ಕಲ್ಲಿನ ಹಣದಲ್ಲಿ ದೊಡ್ಡವರಿಗೆಲ್ಲ ಪಾಲುಂಟು! ಈ ಐದನೆಯದಕ್ಕೆ ಒಂದು ವಿಶೇಷ ಗುಣವಿರುವುದನ್ನು ವಾಚಕರು ಗಮನಿಸಬೇಕು. ಮೊದಲ ನಾಲ್ಕನ್ನು ಪರೀಕ್ಷಿಸಿ ಹೌದೆನ್ನಬಹುದು, ಅಲ್ಲವೆನ್ನಬಹುದು. ಐದನೆಯದನ್ನಾದರೋ ಅಲ್ಲವೆಂದವನೇ ಅದಕ್ಕೆ ಸಾಕ್ಷಿಯಾಗಿಬಿಡುತ್ತಾನೆ. ‘ನೋಡಿದಿರಾ, ಇವನೂ ಅವರ ಕಡೆಯವನೇ’ ಎಂದರೆ ಮುಗಿಯಿತು.

ನಮ್ಮ ದೊಡ್ಡವ್ವನಿಗೆ ಆಗ ತೊಂಬತ್ತರ ಸಮೀಪ. ಆಕೆ ಯಾವ ವಾದವನ್ನೂ ಮಾಡಲಿಲ್ಲ. ಹಿತ್ತಾಳೆಯ ಕೊಳಗದಲ್ಲಿ ನಾಲ್ಕು ಸೀರೆಗಳನ್ನೂ, ದೇವರ ಪಟವನ್ನೂ, ರಾಗಿಹಿಟ್ಟಿನ ಗಂಟನ್ನೂ ಇಟ್ಟು ಬಾಗಿಲ ಬಳಿ ಕುಳಿತಳು. ನಾನು ನಗುತ್ತ, “ದೊಡ್ಡವ್ವ, ಕಟ್ಟೆ ಒಡೆದರೆ ಕೊಳಗ ಹೊತ್ತುಕೊಂಡು ಎಲ್ಲಿಗೆ ಹೋಗುತ್ತೀಯೆ?” ಎಂದೆ.

“ನಗಬ್ಯಾಡ ಕಣಪ್ಪ. ಕೂಸು ಕೊಟ್ಟು ಕಟ್ಟಿದ ಕಟ್ಟೆ ಅದು. ಕೊಟ್ಟಿದ್ದು ತೀರೋದ್ರೆ ಮತ್ತೆ ಕೇಳ್ತದೆ,” ಎಂದಳು.

ಈ ಮಾತು ಆಕೆಯ ಅತ್ತೆಯಿಂದ ಆಕೆಗೆ ಬಂದುದು. ಅತ್ತೆ ಕಟ್ಟೆಯನ್ನು ಕಟ್ಟುವ ಕಾಲದಲ್ಲಿ ಹರೆಯದವಳಾಗಿದ್ದಳಂತೆ. ಸಂಜೆಯಾದ ಮೇಲೆ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲವಂತೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡು ಬಂದ ಜನ ನಾವು. ನೀರು ನಿಲ್ಲಬೇಕಾದರೆ ಯಾರಾದರೊಬ್ಬರು ಬೆಲೆ ತೆರಬೇಕೆಂಬುದು ನಮ್ಮ ನಂಬಿಕೆ. ಕೂಸಿನ ಕಥೆ ಸುಳ್ಳು. ಆದರೆ ಬೆಲೆ ತೆತ್ತುದು ಸುಳ್ಳಲ್ಲ. ಕಟ್ಟೆಯ ಕೆಲಸ ಆರಂಭವಾದುದು 1911ರಲ್ಲಿ, ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದಾಗ. ಮುಗಿದುದು ಸುಮಾರು ಇಪ್ಪತ್ತು ವರ್ಷಗಳ ಮೇಲೆ. ಉದ್ದ 8600 ಅಡಿ. ತುಂಬಿದಾಗ ನೀರಿನ ಮಟ್ಟ 124.80 ಅಡಿ, ಹಿಡಿಯುವ ನೀರು ಸುಮಾರು 49 ಟಿ.ಎಂ.ಸಿ. ಕಲ್ಲಿಗೆ ಕಲ್ಲನ್ನು ಕೂಡಿಸಿರುವುದು ಇಂದಿನ ಸಿಮೆಂಟಲ್ಲ. ಸುಣ್ಣವೂ ಇಟ್ಟಿಗೆಯ ಪುಡಿಯೂ ಸೇರಿದ ಸುರ್ಕಿಯ ಗಾರೆ. ಆ ನೀರು ನಿಂತಾಗ ಹಳೆಯ ಕನ್ನಂಬಾಡಿಯೂ ಅದರ ವೇಣುಗೋಪಾಲಸ್ವಾಮಿಯ ಗುಡಿಯೂ ಮುಳುಗಿದವು. ಹಿನ್ನೀರಿನ ಉದ್ದಕ್ಕೂ ಅನೇಕ ಊರುಗಳು ಮುಳುಗಿದವು. ಈ ಲೆಕ್ಕವನ್ನು ನಮ್ಮ ಅಜ್ಜಿಯರಿಗೆ ಯಾರೂ ಕುಳಿತು ಹೇಳಲಿಲ್ಲ. ಅವರು ತಮಗೆ ತಿಳಿದ ಭಾಷೆಯಲ್ಲಿ ತಾವೇ ಒಂದು ಲೆಕ್ಕವನ್ನು ಬರೆದುಕೊಂಡರು. ಅದರಲ್ಲಿ ಒಂದು ಕೂಸು ಸೇರಿಕೊಂಡಿತು.

ಆ ರಾತ್ರಿ ನೆರೆಯವರು ಹತ್ತಾರು ಮಂದಿ ನಮ್ಮ ಜಗಲಿಗೆ ಬಂದರು. ನಾನು ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಮೇಷ್ಟರೆಂದ ಮೇಲೆ ಎಲ್ಲವೂ ತಿಳಿದಿರಬೇಕೆಂಬುದು ಜನರ ಎಣಿಕೆ. ತಿಳಿದಿದೆಯೆಂಬುದು ಮೇಷ್ಟರ ಎಣಿಕೆ. ಅಂಥ ಕಟ್ಟೆ ಒಂದು ಸದ್ದಿಗೆ ಬಿರಿಯುವುದಿಲ್ಲವೆಂದೂ, ವಿದ್ಯಾವಂತರು ಗಾಳಿಮಾತಿಗೆ ಕಿವಿಗೊಡಬಾರದೆಂದೂ ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಎಲ್ಲರೂ ಕೇಳಿದರು. ಕೊನೆಯಲ್ಲಿ ಕುರಿ ಕಾಯುವ ಒಬ್ಬ ಹುಡುಗ, “ಸರಿ ಮೇಷ್ಟ್ರೇ, ಹಂಗಾದ್ರೆ ಆ ಸದ್ದು ಯಾವ್ದು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ವಿಚಾರಿಸಿ ಹೇಳುತ್ತೇನೆಂದೆ.

ಮರುದಿನವೇ ಒಂದು ಕಚೇರಿಗೆ ಕಾಗದ ಬರೆದೆ. ಕೇಳಿದುದು ಮೂರೇ ಮಾತು: ಸದ್ದು ಯಾವುದು? ಕಟ್ಟೆಯನ್ನು ಪರೀಕ್ಷಿಸಿದಿರಾ? ಪರೀಕ್ಷೆಯಲ್ಲಿ ಏನು ಕಂಡಿತು? ಒಂದು ವಾರ ಕಾದೆ. ಒಂದು ತಿಂಗಳು ಕಾದೆ. ನೆನಪಿನ ಓಲೆಯೊಂದನ್ನು ಬರೆದೆ. ಅಂಚೆಯವನು ಬರುವುದನ್ನು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಉತ್ತರ ಬರಲಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮಾಪಕದಲ್ಲಿ ಆ ದಿನದ ಕಂಪನವು ದಾಖಲಾಗಿದೆಯೆಂದೂ, ಅದು ಕಲ್ಲು ಸಿಡಿಸಿದುದರಿಂದ ಆದುದೆಂದೂ, ಕಟ್ಟೆಯ ಹಿತಕ್ಕಾಗಿ ಸುತ್ತಿನ ಗಣಿಗಾರಿಕೆಯನ್ನು ನಿಲ್ಲಿಸುವುದು ಯುಕ್ತವೆಂದೂ ಅವರು ಬರೆದಿರುವುದು ಪತ್ರಿಕೆಗಳಿಂದ ಆಮೇಲೆ ತಿಳಿಯಿತು. ಅಂದಮೇಲೆ ಐದು ಕಾರಣಗಳಲ್ಲಿ ಮೊದಲನೆಯದೇ ಸರಿ! ಇಷ್ಟನ್ನು ಆ ಸಂಜೆಯೇ ಊರಿನ ಚಾವಡಿಯಲ್ಲಿ ಯಾರಾದರೂ ಹೇಳಿದ್ದರೆ ದೊಡ್ಡವ್ವ ತನ್ನ ಕೊಳಗವನ್ನು ಒಳಕ್ಕೆ ತೆಗೆದುಕೊಂಡು ಹೋಗುತ್ತಿದ್ದಳೋ ಏನೋ.

ಹೀಗೆನ್ನುವುದಕ್ಕೆ ನನಗೆ ಇನ್ನೊಂದು ನಿದರ್ಶನವುಂಟು. 2020ರ ಮೇ 20ರಂದು ಬೆಂಗಳೂರಿನ ಮೂಡಣ ಭಾಗದಲ್ಲಿ ಇಂಥದೇ ಭಾರಿ ಸದ್ದೊಂದು ಕೇಳಿಸಿತು. ಕಿಟಕಿಗಳು ಅದುರಿದವು; ಭೂಕಂಪವೆಂದೂ ಮತ್ತೊಂದೆಂದೂ ಮಾತು ಹಬ್ಬಿತು. ಅದು ವಾಯುಪಡೆಯ ವಿಮಾನವು ಶಬ್ದದ ವೇಗವನ್ನು ಮೀರಿ ಹಾರಿದ ಪರೀಕ್ಷೆಯಿಂದ ಬಂದ ಸದ್ದೆಂದು ರಕ್ಷಣಾ ಇಲಾಖೆಯವರು ಆ ಸಂಜೆಯೇ ತಿಳಿಸಿದರು. ಮಾತು ಅಲ್ಲಿಗೆ ಅಡಗಿತು. ಗಾಳಿಮಾತಿನ ಆಯುಸ್ಸು ಉತ್ತರ ಬರುವುದಕ್ಕೆ ಹಿಡಿಯುವ ಕಾಲದಷ್ಟು. ಸಂಜೆಗೆ ಬಂದ ಉತ್ತರ ಬೆಂಕಿಯ ಕಿಡಿಯನ್ನು ಆರಿಸುತ್ತದೆ. ತಿಂಗಳ ಮೇಲೆ ಬಂದ ಉತ್ತರವನ್ನು ಬೂದಿಯ ಮೇಲೆ ಚಿಮುಕಿಸಬೇಕಷ್ಟೆ.

ಈಗ ನನ್ನ ತಪ್ಪನ್ನು ಹೇಳಬೇಕು. ಅದನ್ನು ಹೇಳುವುದಕ್ಕಾಗಿಯೇ ಈ ಬರೆಹ.

ಉತ್ತರವಿಲ್ಲದ ಆ ತಿಂಗಳುಗಳಲ್ಲಿ, ಜಗಲಿಯ ಮೇಲೆ ಉಪನ್ಯಾಸ ಮಾಡಿದ ನಾನೇ ಐದನೆಯ ಕಾರಣವನ್ನು ನಂಬತೊಡಗಿದೆ. ಮೊದಲು, ‘ಏಕೆ ಉತ್ತರ ಕೊಡುವುದಿಲ್ಲ?’ ಎಂದುಕೊಂಡೆ. ಆಮೇಲೆ, ‘ಉತ್ತರ ಕೊಡದಿರುವುದಕ್ಕೆ ಕಾರಣವಿರಬೇಕು’ ಎಂದುಕೊಂಡೆ. ಅಲ್ಲಿಂದ ‘ಕಾರಣ ಇದೇ’ ಎನ್ನುವುದಕ್ಕೆ ಒಂದೇ ಹೆಜ್ಜೆ. ಕಚೇರಿಯ ಮೌನಕ್ಕೆ ಸೋಮಾರಿತನವೂ ಕಾರಣವಾಗಿರಬಹುದು, ಕಾಗದ ಕಳೆದುಹೋಗಿರಬಹುದು, ಬರೆಯಬೇಕಾದ ಗುಮಾಸ್ತನಿಗೆ ವರ್ಗವಾಗಿರಬಹುದು ಎಂಬುದು ನನಗೆ ತೋರಲೇ ಇಲ್ಲ. ಸಂಚಿನ ಕಥೆ ಕೇಳುವುದಕ್ಕೆ ಇಂಪು. ಸೋಮಾರಿತನದ ಕಥೆ ಸಪ್ಪೆ. ಮೇಲಾಗಿ, ಸಂಚನ್ನು ಕಂಡುಹಿಡಿದವನೆಂಬ ಹೆಮ್ಮೆ ಒಂದಿರುತ್ತದೆ. ಮೂವತ್ತೈದು ವರ್ಷ ಮೇಷ್ಟರಾಗಿದ್ದವನಿಗೆ ಅಂಥ ಹೆಮ್ಮೆ ಬಲು ರುಚಿ.

ನನ್ನ ಮಿತ್ರರೊಬ್ಬರು ನೀರಾವರಿಯ ಕೆಲಸದಲ್ಲಿ ಮೂವತ್ತು ವರ್ಷ ಸವೆದು ನಿವೃತ್ತರಾಗಿ ಪಕ್ಕದ ಬೀದಿಯಲ್ಲಿದ್ದರು. ಸಂಜೆ ನಮ್ಮಿಬ್ಬರಿಗೂ ಒಂದೇ ಜಗಲಿ, ಒಂದೇ ಎಲೆಯಡಿಕೆಯ ತಟ್ಟೆ. ಅವರು ಕಟ್ಟೆಯ ವಿಷಯ ಬಂದಾಗ, “ಅಳತೆ ನೋಡದೆ ಏನೂ ಹೇಳಬಾರದು” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಈ ಎಚ್ಚರದ ಮಾತು ನನಗೆ ಮುಚ್ಚುಮರೆಯಂತೆ ತೋರಿತು. ಅವರ ಸೋದರಳಿಯನಿಗೆ ಜಲ್ಲಿ ಹೊರುವ ಲಾರಿಯೊಂದಿದ್ದುದು ಥಟ್ಟನೆ ನೆನಪಾಯಿತು. ಒಂದು ಮದುವೆಯ ಮನೆಯಲ್ಲಿ, ಹತ್ತು ಜನರ ನಡುವೆ, “ಅಳಿಯನ ಲಾರಿ ಓಡುವವರೆಗೆ ಅವರ ಕಣ್ಣಿಗೆ ಬಿರುಕು ಹೇಗೆ ಕಂಡೀತು?” ಎಂದುಬಿಟ್ಟೆ. ಜನ ನಕ್ಕರು. ಮಾತು ಅವರ ಮನೆಯನ್ನು ನನಗಿಂತ ಮೊದಲೇ ಸೇರಿತು. ಮರುದಿನ ಸಂಜೆ ಎಲೆಯಡಿಕೆಯ ತಟ್ಟೆಯ ಮುಂದೆ ನಾನೊಬ್ಬನೇ ಕುಳಿತಿದ್ದೆ. ಅದರ ಮರುದಿನವೂ.

2021ರ ಜುಲೈ ತಿಂಗಳಲ್ಲಿ ಕಟ್ಟೆಯ ಮಾತು ರಾಜ್ಯದ ಮಾತಾಯಿತು. ಅಕ್ರಮ ಗಣಿಗಾರಿಕೆಯಿಂದ ಕಟ್ಟೆಗೆ ಬಿರುಕು ಬಂದಿದೆಯೆಂದು ಅಂದಿನ ಮಂಡ್ಯದ ಸಂಸತ್ಸದಸ್ಯೆ ಸುಮಲತಾ ಅಂಬರೀಶರು ಹೇಳಿದರು. ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಅದನ್ನು ಅಲ್ಲಗಳೆದರು. ಬಿರುಕಿಲ್ಲವೆಂದು ಕಾವೇರಿ ನೀರಾವರಿ ನಿಗಮದ ಅಧಿಕಾರಿಗಳು ಸಾರಿದರು. ಅದೇ ತಿಂಗಳು ಕಟ್ಟೆಯ ಬಳಿಯ ಕಲ್ಲಿನ ಗೋಡೆಯೊಂದರ ಭಾಗ ಕುಸಿಯಿತು. ಅದು ಅಣೆಕಟ್ಟೆಯ ಭಾಗವಲ್ಲವೆಂದು ಅಧಿಕಾರಿಗಳು ಹೇಳಿದರು. ಆದರೆ ನಮ್ಮ ಊರಿನಲ್ಲಿ ನಂಬಿದವರಾರು? ಮಾತನಾಡಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದವರು ಆಮೇಲೆ ನಿಜವನ್ನೇ ಹೇಳಿದರೂ ಅದು ಸುಳ್ಳಿನ ಉಡುಪಿನಲ್ಲಿಯೇ ಬರುತ್ತದೆ.

ಇದರ ಮುಂದಿನ ಪ್ರಕರಣ ಇನ್ನೂ ವಿಚಿತ್ರವಾದುದು. ಬೆಟ್ಟದ ಸ್ಫೋಟದಿಂದ ಕಟ್ಟೆಗೆ ಎಷ್ಟು ಕಂಪನ ತಗಲುತ್ತದೆಂದು ಅಳೆಯುವುದಕ್ಕಾಗಿ ಬೇಬಿ ಬೆಟ್ಟದಲ್ಲಿ ಪರೀಕ್ಷಾಸ್ಫೋಟ ನಡೆಸಬೇಕೆಂದು 2022ರಲ್ಲಿ ಯೋಚಿಸಿದರು. 2024ರಲ್ಲಿ ಮತ್ತೆ ಯೋಚಿಸಿದರು. ಎರಡು ಸಲವೂ ರೈತರು ಬೀದಿಗಿಳಿದು ತಡೆದರು. ಅನುಮಾನವನ್ನು ನೀಗಿಸುವುದಕ್ಕೆಂದು ಹೊರಟ ಪರೀಕ್ಷೆಯೇ ಅನುಮಾನಕ್ಕೆ ಗುರಿಯಾಯಿತು: ಇದು ಗಣಿಗೆ ಬಾಗಿಲು ತೆರೆಯುವ ಹಂಚಿಕೆಯೆಂದು. ರೈತರು ಮೂಢರೆಂದು ನಗುವವರುಂಟು. ನನಗೆ ನಗು ಬರುವುದಿಲ್ಲ. ಕಾಯಿಲೆಯವನ ಎದೆಯ ಬಲವನ್ನು ಅಳೆಯಲು ಅದರ ಮೇಲೆ ಗುದ್ದುವೆನೆಂಬ ವೈದ್ಯನನ್ನು ಮನೆಯವರು ಒಪ್ಪಬೇಕಾದರೆ, ಅವನಲ್ಲಿ ಮೊದಲೇ ನಂಬಿಕೆಯಿರಬೇಕಲ್ಲವೆ?

ಅದು ಹಾಗಿರಲಿ. ಈ ಗಲಾಟೆಯ ನಡುವೆ ಬೆಂಗಳೂರಿನಲ್ಲಿರುವ ನನ್ನ ಮಗ ಒಂದು ಇಂಗ್ಲಿಷ್ ಗ್ರಂಥವನ್ನು ತಂದುಕೊಟ್ಟ. ಅಮೆರಿಕದ ಜನರ ಸಂಚಿನ ಕಥೆಗಳನ್ನು ಕುರಿತು ಜೋಸೆಫ್ ಉಸ್ಸಿನ್ಸ್ಕಿ, ಜೋಸೆಫ್ ಪೇರೆಂಟ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು ಬರೆದು 2014ರಲ್ಲಿ ಪ್ರಕಟಿಸಿದ ಗ್ರಂಥ. ಅವರು ಮಾಡಿದ ಕೆಲಸ ಮೇಷ್ಟರಾದ ನನಗೆ ಮೆಚ್ಚಿಕೆಯಾಯಿತು. 1890ರಿಂದ 2010ರವರೆಗೆ ವೃತ್ತಪತ್ರಿಕೆಗಳಿಗೆ ವಾಚಕರು ಬರೆದ ಕಾಗದಗಳನ್ನು ಲಕ್ಷಕ್ಕೂ ಮೇಲ್ಪಟ್ಟು ಆಯ್ದು, ಯಾರು ಯಾರ ಮೇಲೆ ಯಾವಾಗ ಸಂಚಿನ ಆರೋಪ ಹೊರಿಸಿದರೆಂದು ಲೆಕ್ಕ ಹಾಕಿದ್ದಾರೆ. ಅವರಿಗೆ ಕಂಡ ಮುಖ್ಯಾಂಶವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಸಂಚಿನ ಕಥೆ ಅಧಿಕಾರದ ನೆರಳಿನಂತೆ. ಒಂದು ಪಕ್ಷದವರು ಗದ್ದುಗೆಯಲ್ಲಿದ್ದರೆ ಅನುಮಾನ ಅವರತ್ತ ಬೀಳುತ್ತದೆ. ಇನ್ನೊಂದು ಪಕ್ಷ ಬಂದರೆ ನೆರಳೂ ಅತ್ತ ತಿರುಗುತ್ತದೆ. ಸೋತವರು, ಅಧಿಕಾರದಿಂದ ದೂರ ಸರಿದವರು, ತಮ್ಮ ಮಾತು ನಡೆಯದೆಂದು ಕಂಡವರು ಅಂಥ ಕಥೆಗಳತ್ತ ಹೆಚ್ಚು ಒಲಿಯುತ್ತಾರೆ. ಅದು ಮೂಢರ ರೋಗವಲ್ಲ; ಬಲವಿಲ್ಲದವರು ಬಲವುಳ್ಳವರನ್ನು ಕಾಯುವ ಒಂದು ಬಗೆ. ಹಗಲೂ ಇರುಳೂ ಬೊಗಳುವ ನಾಯಿ ಮನೆಗೆ ಪೀಡೆ. ಆದರೆ ನಾಯಿಯೇ ಇಲ್ಲದ ಮನೆ ಕಳ್ಳನಿಗೆ ಹಬ್ಬ.

ಈ ಗ್ರಂಥವನ್ನು ಮುಚ್ಚಿಟ್ಟು ನಮ್ಮ ಸೀಮೆಯನ್ನು ನೋಡಿದೆ. ಒಂದೇ ನೀರಿಗೆ ನಾಲ್ಕು ತಾಲ್ಲೂಕುಗಳು ನಾಲ್ಕು ಅನುಮಾನಗಳನ್ನು ಇಟ್ಟುಕೊಂಡಿವೆ. ಕಟ್ಟೆಯ ಕೆಳಗಿನ ಶ್ರೀರಂಗಪಟ್ಟಣದ ನಮಗೆ, ಕಟ್ಟೆ ಬಿರಿದುದನ್ನು ಮುಚ್ಚಿಟ್ಟಿದ್ದಾರೆಂದು. ಪಾಂಡವಪುರದಲ್ಲಿ ನಾಲೆಯ ಬದಿಯ ರೈತನಿಗೆ ಬೆಟ್ಟವನ್ನು ತಿನ್ನುವವರ ಮೇಲೆ. ಕಲ್ಲು ಒಡೆದು ಹೊಟ್ಟೆ ಹೊರೆಯುವ ಕೂಲಿಯವನಿಗಾದರೋ ಗಣಿಯನ್ನು ನಿಲ್ಲಿಸಬೇಕೆನ್ನುವವರ ಮೇಲೆಯೇ. ನಮ್ಮ ಅಕ್ಕನನ್ನು ಕೊಟ್ಟ ಊರು ಕೃಷ್ಣರಾಜಪೇಟೆಯ ತಾಲ್ಲೂಕಿನಲ್ಲಿ ಹಿನ್ನೀರಿನ ಅಂಚಿನಲ್ಲಿದೆ. ಅಲ್ಲಿಯ ಹಿರಿಯರು ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಹೊಲದ ಬದುಗಳನ್ನು ತೋರಿಸಿ, “ನಮ್ಮ ಭೂಮಿ ಅಳೆದೋರು ಸರಿಯಾಗಿ ಅಳೀಲಿಲ್ಲ” ಎನ್ನುತ್ತಾರೆ. ಅಳೆದು ನೂರು ವರ್ಷವಾಯಿತು! ಮಗಳನ್ನು ಕೊಟ್ಟಿರುವುದು ನಾಗಮಂಗಲಕ್ಕೆ. ಮಳೆಯನ್ನೂ ಕೆರೆಯನ್ನೂ ನೆಚ್ಚಿ, ಹೇಮಾವತಿಯ ನಾಲೆಯತ್ತ ಕಣ್ಣಿಟ್ಟು ಕುಳಿತ ಸೀಮೆ ಅದು. ನಾನು ಕಟ್ಟೆ ಒಡೆಯುವ ಮಾತೆತ್ತಿದರೆ ಅಲ್ಲಿಯ ಬೀಗರು, “ನಿಮಗೆ ನೀರು ಬಂದು ಸಾಯೋ ಭಯ, ಬೀಗರೇ, ನಮಗೆ ಬಾರದೆ ಸಾಯೋ ಭಯ. ನಮ್ಮ ನೀರನ್ನ ಬೇಕಂತಲೇ ಮೇಲೇ ಹಿಡಿದಿದ್ದಾರೆ” ಎನ್ನುತ್ತಾರೆ. ಯಾವನು ಎಲ್ಲಿ ನಿಂತಿದ್ದಾನೆಂಬುದರ ಮೇಲೆ ಅವನ ಸಂಚಿನ ಕಥೆ. ನಾಲ್ಕಕ್ಕೂ ಬೇರು ಒಂದೇ: ನೀರಿನ ಲೆಕ್ಕ ಎಲ್ಲಿಯೋ ಬರೆಯಲ್ಪಡುತ್ತದೆ, ನಮಗೆ ಓದಿ ಹೇಳುವವರಿಲ್ಲ.

ಹಾಗೆಂದು ಅನುಮಾನವೆಲ್ಲ ಬರಿಯ ಭ್ರಮೆಯೆನ್ನುವ ಧೈರ್ಯ ಶ್ರೀರಂಗಪಟ್ಟಣದವನಿಗೆ ಬಾರದು. ಸಂಚು ನಿಜವಾಗಿ ನಡೆದ ಊರು ಇದು. 1799ರ ಮೇ 4ರಂದು ಕೋಟೆ ಬಿದ್ದಾಗ, ಟಿಪ್ಪುವಿನ ದಿವಾನನಾದ ಮೀರ್ ಸಾದಿಕನು ಒಡೆದ ಗೋಡೆಯನ್ನು ಕಾಯುತ್ತಿದ್ದ ಸಿಪಾಯಿಗಳನ್ನು ಸಂಬಳದ ನೆಪದಲ್ಲಿ ಕರೆದೊಯ್ದನೆಂಬುದು ತಲೆಮಾರುಗಳಿಂದ ನಡೆದುಬಂದ ಮಾತು. ಇಂದಿಗೂ ದ್ರೋಹಿಗೆ ನಮ್ಮ ಸೀಮೆಯಲ್ಲಿ ಅವನ ಹೆಸರೇ ಹೆಸರು. ಅದಕ್ಕೂ ಮೊದಲು, 1782ರಲ್ಲಿ, ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಪ್ರಧಾನ ತಿರುಮಲರಾಯರು ಇಂಗ್ಲಿಷರೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಟಿಪ್ಪುವಿನ ಕಣ್ಣಿನಲ್ಲಿ ಅದು ಪಿತೂರಿ; ಒಡೆಯರ ಮನೆಯವರಿಗೆ ಅದು ಸ್ವಾಮಿಭಕ್ತಿ. ಇತ್ತೀಚಿನ ಮಾತನ್ನೇ ನೋಡಿದರೆ, ಬಳ್ಳಾರಿಯ ಕಬ್ಬಿಣದ ಅದಿರಿನ ವಿಷಯದಲ್ಲಿ ಜನ ಬಹುಕಾಲ ಪಿಸುಗುಟ್ಟುತ್ತಿದ್ದುದು 2011ರ ಲೋಕಾಯುಕ್ತರ ವರದಿಯಲ್ಲಿ ಪುಟಪುಟಗಳಾಗಿ ಹೊರಬಂದಿತು. ಅನುಮಾನಪಟ್ಟವರು ಅಲ್ಲಿ ಸೋಲಲಿಲ್ಲ.

ಆದರೆ ಅದೇ ಕೋಟೆಯ ಸುತ್ತ ಇನ್ನೊಂದು ಬಗೆಯ ಕಥೆಯೂ ಎದ್ದಿತು. ಟಿಪ್ಪುವನ್ನು ಕೊಂದವರು ಇಂಗ್ಲಿಷರ ಕಡೆಯವರಲ್ಲ, ಉರಿಗೌಡ ನಂಜೇಗೌಡರೆಂಬ ಇಬ್ಬರು ಒಕ್ಕಲಿಗ ವೀರರು. ಈ ಸಂಗತಿಯನ್ನು ಇತಿಹಾಸಕಾರರು ಮರೆಮಾಚಿದರು ಎಂಬ ಮಾತು 2023ರ ಚುನಾವಣೆಯ ಮುಂದೆ ಜೋರಾಯಿತು. ಮಾರ್ಚ್ ತಿಂಗಳಲ್ಲಿ ಮಂಡ್ಯದಲ್ಲಿ ಅವರ ಹೆಸರಿನ ಸ್ವಾಗತದ ಕಮಾನೂ ಎದ್ದಿತು, ಟೀಕೆ ಬಂದ ಮೇಲೆ ಹೆಸರು ಬದಲಾಯಿತು. ಚಲನಚಿತ್ರವೊಂದನ್ನು ತೆಗೆಯುವ ಸನ್ನಾಹವೂ ನಡೆಯಿತು. ಆಗ ನಾಗಮಂಗಲದ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮಿಗಳು, ಶಾಸನವೇ ಮೊದಲಾದ ಆಧಾರಗಳಿಲ್ಲದೆ ಇಂಥ ಮಾತನ್ನಾಡಬಾರದೆಂದರು. ಚಿತ್ರವನ್ನು ಕೈಬಿಟ್ಟರು. ತಮ್ಮ ಜನರಿಗೆ ಹೊಗಳಿಕೆಯಾಗಿ ಬಂದ ಕಥೆಗೆ ತಾವೇ ಆಧಾರ ಕೇಳುವುದು ಸುಲಭವಲ್ಲ. ಬೈಗುಳವನ್ನು ಪರೀಕ್ಷಿಸುವವರು ಬಹಳ. ಹೊಗಳಿಕೆಯನ್ನು ಪರೀಕ್ಷಿಸುವವರು ವಿರಳ.

ಹಾಗಾದರೆ ನ್ಯಾಯವಾದ ಅನುಮಾನಕ್ಕೂ ಸಂಚಿನ ಕಥೆಗೂ ಗೆರೆ ಎಲ್ಲಿ? ಎರಡೂ ದೊಡ್ಡವರ ಮೇಲೆಯೇ ಬೆರಳು ತೋರುತ್ತವೆ, ಎರಡಕ್ಕೂ ಕೋಪವಿದೆ. ನನಗೆ ತೋರುವ ಭೇದ ಒಂದೇ. ಪ್ರಶ್ನೆ ಕೇಳುವವನು ಉತ್ತರ ಬಂದರೆ ಒಪ್ಪಲು ಸಿದ್ಧನಾಗಿರುತ್ತಾನೆ. ಸಂಚಿನ ಕಥೆಯವನು ಯಾವ ಉತ್ತರ ಬಂದರೂ ಒಪ್ಪೆನೆಂದು ಮೊದಲೇ ನಿಶ್ಚಯಿಸಿರುತ್ತಾನೆ. ಮೊದಲನೆಯವನಿಗೆ ಸರ್ಕಾರ ಹೆದರಬೇಕಾಗುತ್ತದೆ. ಎರಡನೆಯವನಿಗೆ ಯಾರೂ ಹೆದರಬೇಕಾಗಿಲ್ಲ! ಏನು ಹೇಳಿದರೂ ನಂಬದವನಿಗೆ ಹೇಳುವ ಕಷ್ಟವೇಕೆ? ‘ಎಲ್ಲರೂ ಕಳ್ಳರು’ ಎಂಬ ಮಾತು ನಿಜವಾದ ಕಳ್ಳನಿಗೆ ಬಲು ಹಿತ; ಎಲ್ಲರ ನಡುವೆ ಅವನೂ ಒಬ್ಬನಾಗಿ ಅಡಗುತ್ತಾನೆ. ಸಂಚಿನ ಕಥೆ ಅಧಿಕಾರವನ್ನು ಹಿಡಿದಂತೆ ತೋರಿ, ಕೊನೆಗೆ ಅದನ್ನು ಹೊಣೆಯಿಂದ ಬಿಡಿಸಿ ಕಳುಹಿಸುತ್ತದೆ.

ಪ್ರಶ್ನೆ ಕೇಳುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ ರೈತರೂ ವರ್ತಕರೂ. ಸಭೆಗೆ ಅಧಿಕಾರವೇನೂ ಇರಲಿಲ್ಲ. ಆದರೆ ದಿವಾನರು ಎದುರು ನಿಂತು ವರ್ಷದ ಆಯವ್ಯಯವನ್ನು ಒಪ್ಪಿಸುತ್ತಿದ್ದರು, ಪ್ರತಿನಿಧಿಗಳು ಕೆರೆಯ ಏರಿಯನ್ನೂ ಕಂದಾಯವನ್ನೂ ಕುರಿತು ಅಹವಾಲು ಹೇಳುತ್ತಿದ್ದರು. ದಸರೆಯ ವೈಭವದ ಪಕ್ಕದಲ್ಲಿ ಲೆಕ್ಕ ಒಪ್ಪಿಸುವ ಒಂದು ಕಟ್ಟಳೆಯೂ ಬೆಳೆಯಿತು. ಇಂದು ನಮ್ಮ ಕೈಯಲ್ಲಿ ಅದಕ್ಕಿಂತ ಬಲವಾದ ಆಯುಧಗಳಿವೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿನ ಅರ್ಜಿಗೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. 2021ರ ಅಣೆಕಟ್ಟು ಸುರಕ್ಷತೆಯ ಕಾಯಿದೆಯಂತೆ ಮಳೆಗಾಲಕ್ಕೆ ಮುಂಚೆಯೂ ಆಮೇಲೂ ಅಣೆಕಟ್ಟೆಯನ್ನು ಪರೀಕ್ಷಿಸಬೇಕು. ಆ ಕಾಯಿದೆಯನ್ನು ಆಧರಿಸಿಯೇ ರಾಜ್ಯದ ಉಚ್ಚ ನ್ಯಾಯಾಲಯವು 2024ರ ಜನವರಿಯಲ್ಲಿ, ತಜ್ಞರ ಪರಿಶೀಲನೆ ಮುಗಿಯುವವರೆಗೆ ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದೆಂದು ಆದೇಶಿಸಿತು. ಕೂಸಿನ ಕಥೆಯಿಂದ ಆಗದ ಕೆಲಸ, ಮದುವೆಯ ಮನೆಯ ಕೊಂಕಿನಿಂದ ಆಗದ ಕೆಲಸ, ಕಾಗದದ ಮೇಲೆ ಬರೆದ ಪ್ರಶ್ನೆಯಿಂದ ಆಯಿತು.

ಆ ಆದೇಶದ ಸುದ್ದಿ ಬಂದ ದಿನ ಪತ್ರಿಕೆಯನ್ನು ಕಂಕುಳಲ್ಲಿರಿಸಿಕೊಂಡು ಮಿತ್ರರ ಮನೆಗೆ ಹೋದೆ. ಐದು ವರ್ಷಗಳ ಮೇಲೆ ಆ ಮೆಟ್ಟಿಲನ್ನು ಹತ್ತಿದುದು. ಅವರು ಕುರ್ಚಿ ತೋರಿಸಿದರು. ಕ್ಷಮೆ ಬೇಡುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ, ಬಾಯಿಗೆ ಬಂದುದು, “ಅಳಿಯನ ಲಾರಿ ಹೇಗಿದೆ?” ಎಂಬ ಅಪಶಕುನದ ಪ್ರಶ್ನೆ!

ಅವರು ನಕ್ಕರು. “ಆ ಲಾರಿ 2016ರಲ್ಲೇ ಸಾಲಕ್ಕೆ ಹೋಯಿತು, ಮೇಷ್ಟ್ರೇ. ನೀವು ಕೇಳಿದ್ದರೆ ಹೇಳುತ್ತಿದ್ದೆ,” ಎಂದರು. ಒಳಗೆ ಹೋಗಿ ಎರಡು ಕಾಗದಗಳ ನಕಲನ್ನು ತಂದು ಮುಂದಿಟ್ಟರು. ನಾನು ಬರೆದ ಕಚೇರಿಗೇ, ನಾನು ಬರೆದ ತಿಂಗಳಲ್ಲೇ ಅವರೂ ಬರೆದಿದ್ದರು. ನನ್ನ ಕಾಗದಕ್ಕಿಂತ ಚೆನ್ನಾಗಿ ಬರೆದಿದ್ದರು. ಸೋರಿಕೆಯ ಅಳತೆಯನ್ನು ತಿಂಗಳುವಾರಾಗಿ ಕೇಳಿದ್ದರು. “ಸೋರದ ಕಟ್ಟೆ ಇಲ್ಲ. ಎಷ್ಟು ಸೋರುತ್ತದೆ ಎಂದು ಅಳೆದು ಬರೆದಿಟ್ಟರೆ ಭಯವಿಲ್ಲ. ಅಳೆಯದೆ ಬಿಟ್ಟರೆ ಭಯ. ನನಗೂ ಉತ್ತರ ಬರಲಿಲ್ಲ,” ಎಂದರು.

ಸರ್ಕಾರವು ಪ್ರಜೆಗಳಿಗೆ ಲೆಕ್ಕ ಒಪ್ಪಿಸಬೇಕೆಂದು ನಾವು ಕೇಳುತ್ತೇವೆ; ನ್ಯಾಯವೇ. ಆದರೆ ಅನುಮಾನಪಡುವವನಿಗೂ ಒಂದು ಲೆಕ್ಕವುಂಟು. ಯಾರ ಮೇಲೆ ಅನುಮಾನಪಟ್ಟೆ, ಯಾವ ಆಧಾರದ ಮೇಲೆ, ತಪ್ಪೆಂದು ತಿಳಿದ ಮೇಲೆ ಏನು ಮಾಡಿದೆ ಎಂಬುದನ್ನು ಅವನೂ ಒಪ್ಪಿಸಬೇಕು. ಮೂರು ಪ್ರಶ್ನೆಗಳನ್ನು ಕಚೇರಿಗೆ ಬರೆದು ತಿಂಗಳುಗಟ್ಟಲೆ ಕಾದವನು ನಾನು. ಒಂದೇ ಪ್ರಶ್ನೆಯನ್ನು ಪಕ್ಕದ ಬೀದಿಗೆ ಹೋಗಿ ಕೇಳಲಾರದೆ ಹೋದೆ.

ಆ ಸಂಜೆ ಅವರು ನಮ್ಮ ಜಗಲಿಗೆ ಬಂದರು. ದೊಡ್ಡವ್ವ ಈಗಿಲ್ಲ, ಆಕೆಯ ಕೊಳಗ ಬಾಗಿಲ ಬಳಿಯೇ ಇದೆ. ಎಲೆಗೆ ಸುಣ್ಣ ಸವರುತ್ತ ಇಬ್ಬರೂ ಸೇರಿ, ಈ ಬಾರಿ ಮಾಹಿತಿ ಹಕ್ಕಿನ ಕಾಯಿದೆಯಂತೆ, ಒಂದೇ ಅರ್ಜಿಯನ್ನು ಬರೆದೆವು. ಬರೆಯುವುದು ಮುಗಿದಾಗ, ಹಿಂದೆ ಕುರಿ ಕಾಯುತ್ತಿದ್ದ ಆ ಹುಡುಗ, ಈಗ ಮೀಸೆ ಬಂದವನು, ಬೀದಿಯಲ್ಲಿ ಹೋಗುತ್ತಿದ್ದವನು ನಿಂತು, “ಏನ್ ಬರೀತಿದ್ದೀರಿ ಮೇಷ್ಟ್ರೇ?” ಎಂದು ಕೇಳಿದ. ಅವನ ಪ್ರಶ್ನೆಗೆ ನಾನು ಉತ್ತರ ಕೊಡುವುದು ಐದು ವರ್ಷಗಳಿಂದ ಬಾಕಿಯಿದ್ದಿತು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಆ ದಿನದ ಸದ್ದು ಯಾವುದೆಂದು ಮೊದಲು ಅವನಿಗೆ ಹೇಳಿದೆ.